ದೋಣಿಗೂ ಮೊದಲು ನೀರು



ಪುಣೆಯ ದೇಹೂ ರೋಡ್‌ನಲ್ಲಿರುವ ಕನ್ನಡದ ಗೆಳೆಯರೊಬ್ಬರು ಕನೂ ಕೊಳ್ಳಬೇಕೆಂದಿದ್ದಾರೆ. ಒಂದೇ ಅಲಗಿನ ಹುಟ್ಟು ಹಾಕಿ ನಡೆಸುವ, ಉದ್ದನೆಯ, ಸಪೂರ ದೋಣಿ ಅದು. ಯಾವುದು ಒಳ್ಳೆಯದು ಎಂದು ಕೇಳಿದರು. ಯಾವ ನೀರಿಗೆ ಇಳಿಸುತ್ತೀರಿ ಎಂದೆ.

ತುಂಗಭದ್ರೆಯ ಹರಿಗೋಲನ್ನು ನೋಡಿ. ದುಂಡಗೆ, ತಳ ಚಪ್ಪಟೆ. ಬಂಡೆಗಳ ನಡುವಿನ ಆಳವಿಲ್ಲದ ನೀರಿನಲ್ಲೂ ಜನರನ್ನು ದಾಟಿಸುತ್ತದೆ. ಆ ಹೊಳೆಯೇ ಅದಕ್ಕೆ ಆ ಆಕಾರ ಕೊಟ್ಟಿದೆ.

ದೇಹೂ ಪಕ್ಕದ ಇಂದ್ರಾಯಣಿ ಮಳೆಗಾಲದಲ್ಲಿ ಉಕ್ಕುತ್ತದೆ. ಆಗ ವಿಹಾರದ ಮಾತೇ ಬೇಡ. ಬೇಸಿಗೆಯಲ್ಲಿ ಜಲಕಳೆ ತುಂಬಿಕೊಳ್ಳುವುದೂ ಉಂಟು.  ಇನ್ನು ಪುಣೆ ಕಡೆಯದೇ ಆದ ಪವನಾ ಜಲಾಶಯ. ಅಲ್ಲಿ ನೀರು ಬಯಲು. ಗಾಳಿ ಎದ್ದರೆ ಅಲೆಯೂ ಏಳುತ್ತದೆ.

ನೀರು ಯಾವುದೆಂದು ಗೊತ್ತಾದ ಮೇಲೆ ದೋಣಿಯ ಉದ್ದ ನೋಡಿ. ಗಿಡ್ಡ ದೋಣಿ ಬೇಗ ತಿರುಗುತ್ತದೆ. ಉದ್ದನೆಯದು ನೇರವಾಗಿ ಸಾಗುತ್ತದೆ, ಹೆಚ್ಚು ಸಾಮಾನು ಹೊರುತ್ತದೆ. ಡೇರೆ, ಅಡುಗೆ ಪಾತ್ರೆ ಕಟ್ಟಿಕೊಂಡು ಇಬ್ಬರು ದಿನಗಟ್ಟಲೆ ಹೋಗುವುದಾದರೆ ಸುಮಾರು 16 ಅಡಿ ಉದ್ದದ್ದು ಹೊಂದುತ್ತದೆ. ಮಕ್ಕಳಿದ್ದರೆ ತುಸು ಅಗಲವಾದದ್ದೇ ಇರಲಿ. ಅದು ಅಷ್ಟು ಬೇಗ ಹೊಯ್ದಾಡುವುದಿಲ್ಲ.

ತೂಕವನ್ನು ಮಾತ್ರ ಜನ ಮರೆಯುತ್ತಾರೆ. ಪ್ಲಾಸ್ಟಿಕ್ಕಿನ ಕನೂ ಬಂಡೆಗೆ ತಾಗಿದರೂ ತಾಳಿಕೊಳ್ಳುತ್ತದೆ. ಆದರೆ 30 ಕಿಲೋ ಮೀರಬಹುದು. ಅದನ್ನು ಕಾರಿನ ಮೇಲೆ ಎತ್ತಿಡುವವರು ಯಾರು? ಮನೆಯಾಕೆಯೂ ಎತ್ತಬೇಕಲ್ಲವೆ? ಹಾಗಾದರೆ ಅವರೂ ಅಂಗಡಿಗೆ ಬರಲಿ. ಎತ್ತಿ ನೋಡಲಿ, ಕೂತು ನೋಡಲಿ. ಜೀವರಕ್ಷಕ ಜಾಕೆಟ್ಟನ್ನೂ ಅಂದೇ, ಪ್ರತಿಯೊಬ್ಬರ ಅಳತೆಗೆ ತಕ್ಕಂತೆ ಕೊಳ್ಳಲಿ.