ನೆರಳನ್ನು ಅಳೆಯುವ ಗುರು ಬೇಕು

(ಮೈಲಾರ ಪರಿಸರದ ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ನಾವೆಲ್ಲರೂ ಸಂಭ್ರಮಿಸಿದೆವು. ಆ ನೌಕೆಯನ್ನು ನಿಯಂತ್ರಿಸಿದ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಆದರೆ 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಇದೇ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ, ಗುಣವಾಗುವುದೆಂಬ ನಂಬಿಕೆಯಿಂದ, ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಈ ಎರಡು ದೃಶ್ಯಗಳ ನಡುವಿನ ಕಂದಕವನ್ನು ಮುಚ್ಚುವವರು ಯಾರು? ವಿಜ್ಞಾನ ಶಿಕ್ಷಕರು ಎಂದು ನಾವು ಸುಲಭವಾಗಿ ಉತ್ತರಿಸುತ್ತೇವೆ. ಆದರೆ ಆ ಶಿಕ್ಷಕರಿಗೆ ನಾವು ಒದಗಿಸಿದ್ದೇನು?

ಬಾಹ್ಯಾಕಾಶದ ಪಾಠಕ್ಕೆ ದುಬಾರಿ ದೂರದರ್ಶಕವೇ ಬೇಕೆಂದಿಲ್ಲ. ಒಂದು ಮೀಟರ್ ಉದ್ದದ ಕೋಲು ಸಾಕು. ಪ್ರತಿವರ್ಷ ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ನೆರಳೇ ಬೀಳುವುದಿಲ್ಲ. ಅಂದು ಮೋಡವಿಲ್ಲದಿದ್ದರೆ, ಮಧ್ಯಾಹ್ನ ಸುಮಾರು 12.30ಕ್ಕೆ ಹೂವಿನ ಹಡಗಲಿಯ ಶಾಲೆಯಂಗಳದಲ್ಲಿ ಅಂಥದೇ ಕೋಲಿಗೆ ಸುಮಾರು ಮೂರೂವರೆ ಸೆಂಟಿಮೀಟರ್ ನೆರಳು ಬೀಳುತ್ತದೆ. ಅದರಿಂದ ದೊರೆಯುವ ಕೋನ 2 ಡಿಗ್ರಿಗಿಂತ ತುಸು ಹೆಚ್ಚು. ಎರಡೂ ಊರುಗಳ ನಡುವಿನ ಉತ್ತರ-ದಕ್ಷಿಣ ಅಂತರ ಸುಮಾರು 228 ಕಿಲೋಮೀಟರ್. ಇವೆರಡರಿಂದ 360 ಡಿಗ್ರಿಗೆ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ, ಅಂದರೆ ಸುಮಾರು 40 ಸಾವಿರ ಕಿಲೋಮೀಟರ್, ಮಗುವಿನ ನೋಟ್‌ಪುಸ್ತಕದಲ್ಲಿಯೇ ಮೂಡುತ್ತದೆ. ಎರಡು ಸಾವಿರ ವರ್ಷಗಳ ಹಿಂದೆಯೇ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಅನುಸರಿಸಿದ ಮಾರ್ಗವಿದು.

ನೆರಳಿನ ಲೆಕ್ಕ ನಮಗೆ ಅಪರಿಚಿತವೇ? ಸೂರ್ಯ ನೆತ್ತಿಯಿಂದ ವಾಲಿದಾಗ ಝುಹ್ರ್‌ನ ಸಮಯ ಆರಂಭವಾಗುತ್ತದೆ. ಅಸ್ರ್‌ನ ಸಮಯವನ್ನೂ ನೆರಳಿನ ಉದ್ದದಿಂದಲೇ ನಿರ್ಣಯಿಸಲಾಗುತ್ತದೆ. ಮದ್ರಸಾದಲ್ಲಿ ಕಲಿತ ಈ ನೆರಳು ಮತ್ತು ಶಾಲೆಯಲ್ಲಿ ಕಲಿಯುವ ಭೂಗೋಲ ಬೇರೆಬೇರೆ ಲೋಕಗಳಲ್ಲವೆಂದು ಮಗುವಿಗೆ ತೋರಿಸಿಕೊಡಬೇಕಾದ ಹೊಣೆ ನಮ್ಮದು.

ಆದರೆ ಸ್ವತಃ ಕೋಲು ನೆಟ್ಟು ಅಳೆಯದ ಶಿಕ್ಷಕರು ಅದನ್ನು ಮಕ್ಕಳಿಂದ ಮಾಡಿಸಲಾರರು. ತರಬೇತಿಯೆಂಬುದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಭಾಷಣ ಕೇಳಿ ಮರಳುವ ಕಾರ್ಯಕ್ರಮವಾಗಬಾರದು. ಶಿಕ್ಷಕರು ಅಲ್ಲಿ ವಿದ್ಯಾರ್ಥಿಗಳಾಗಿ ಅಳೆಯಬೇಕು, ತಪ್ಪಬೇಕು, ಮತ್ತೆ ಅಳೆಯಬೇಕು. 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಂತಹ ಸಂಸ್ಥೆಗಳು ನಮ್ಮ ರಾಜ್ಯದಲ್ಲಿವೆ. ಆದರೆ ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಶಿಕ್ಷಕರಿಗೆ ಬೆಂಗಳೂರು ದೂರ. ಪ್ರಯಾಣದ ವೆಚ್ಚವನ್ನು ಊರಿನ ಹಿರಿಯರು, ಜಮಾಅತ್‌ಗಳು ಭರಿಸಲು ಸಾಧ್ಯವಿಲ್ಲವೇ? ಮದುವೆಯ ಒಂದು ಹೊತ್ತಿನ ಆಡಂಬರಕ್ಕೆ ತಗಲುವ ಹಣದ ಅಲ್ಪಾಂಶವೂ ಇದಕ್ಕೆ ಬೇಕಾಗದು.

ಪೋಷಕರೇ, ಇಸ್ರೋ 2019ರಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗಾಗಿ 'ಯುವಿಕಾ' ಕಾರ್ಯಕ್ರಮವನ್ನು ಆರಂಭಿಸಿತು. ಅದರ ಆಯ್ಕೆಯಲ್ಲಿ ಗ್ರಾಮೀಣ ಶಾಲೆಗಳ ಮಕ್ಕಳಿಗೆ ವಿಶೇಷ ಪ್ರಾಶಸ್ತ್ಯವಿದೆ. ನಿಮ್ಮ ಮಗಳ ಹೆಸರನ್ನೂ ನೋಂದಾಯಿಸಿರಿ. ಆಕೆ ಆಯ್ಕೆಯಾಗದಿದ್ದರೂ ಚಿಂತೆಯಿಲ್ಲ. ಮುಂದಿನ ಆಗಸ್ಟ್‌ನಲ್ಲಿ ಶಾಲೆಯಂಗಳದಲ್ಲಿ ಕೋಲು ನೆಡುವಾಗ ಅಳತೆಪಟ್ಟಿ ಆಕೆಯ ಕೈಯಲ್ಲಿರಲಿ.