ಹೇಸರಗತ್ತೆಗಳು ಬಿಟ್ಟುಹೋದ ದಾರಿ

ಕಾಲುವೆ ಎಂದೊಡನೆ ನಮಗೆ ಗದ್ದೆ, ತೂಬು, ಸರದಿ ನೀರಿನ ಜಗಳ ನೆನಪಾಗುತ್ತವೆ. ಇವತ್ತು ನಾನು ಹೇಳಹೊರಟಿರುವುದು ಪೈರಿಗಲ್ಲ, ದೋಣಿಗೆಂದು ತೋಡಿದ ಕಾಲುವೆ. ಅಮೆರಿಕದ ಪೊಟೋಮ್ಯಾಕ್ ನದಿಯ ಮಗ್ಗುಲಲ್ಲೇ, ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಿಂದ ಕಂಬರ್ಲೆಂಡ್‌ವರೆಗೆ ಸುಮಾರು 297 ಕಿಲೋಮೀಟರ್. ಹೆಸರು ಚೆಸಪೀಕ್ ಮತ್ತು ಒಹಾಯೊ ಕಾಲುವೆ.

1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿ ಪೂಜೆ ಮಾಡಿದರು. ಗ್ರಹಚಾರ ನೋಡಿ, ಅದೇ ದಿನ ಬಾಲ್ಟಿಮೋರಿನಲ್ಲಿ ರೈಲು ಹಾದಿಗೂ ಅಡಿಗಲ್ಲು ಬಿತ್ತು. ರೈಲು 1842ರಲ್ಲೇ ಕಂಬರ್ಲೆಂಡ್ ತಲುಪಿತು. ಕಾಲುವೆ ಅಲ್ಲಿಗೆ ತೆವಳಿಕೊಂಡು ಬಂದದ್ದು 1850ಕ್ಕೆ. ಹೆಸರಿನಲ್ಲಿರುವ ಒಹಾಯೊ ನದಿಯನ್ನು ಅದು ಕೊನೆಗೂ ಕಾಣಲಿಲ್ಲ.

ಕಲ್ಲಿದ್ದಲು ತುಂಬಿದ ದೋಣಿಗಳನ್ನು ದಂಡೆಯ ಮೇಲೆ ನಡೆಯುತ್ತ ಹಗ್ಗ ಕಟ್ಟಿ ಎಳೆಯುತ್ತಿದ್ದವು ಹೇಸರಗತ್ತೆಗಳು. ಏರಿನ ಕೆಲಸ ಅವುಗಳದಲ್ಲ, 74 ಲಾಕ್‌ಗಳದು. ಲಾಕ್ ಎಂದರೆ ಎರಡೂ ತುದಿಗೆ ಬಾಗಿಲಿರುವ ಕಲ್ಲುತೊಟ್ಟಿ. ದೋಣಿ ಒಳಬಂದ ಮೇಲೆ ಹಿಂಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ತೊಟ್ಟಿ ತುಂಬಿದಂತೆ ದೋಣಿ ತಾನಾಗಿ ಎರಡೂವರೆ ಮೀಟರಿನಷ್ಟು ಮೇಲೇಳುತ್ತದೆ, ಮುಂಬಾಗಿಲು ತೆರೆದರಾಯಿತು. 605 ಅಡಿ ಏರನ್ನೆಲ್ಲ ಹೀಗೆ ಲಾಕ್‌ಗಳೇ ನುಂಗಿದ್ದರಿಂದ ನಡುವಿನ ದಾರಿ ಅಂಗೈಯಷ್ಟು ಮಟ್ಟ. ಇವತ್ತು ಮಂಡಿನೋವಿನವರೂ ಹೇಸರಗತ್ತೆಗಳು ನಡೆದ ಆ ದಂಡೆಯ ಮೇಲೆ ಸೈಕಲ್ ತುಳಿಯುತ್ತಾರೆಂದರೆ ಅದು ಲಾಕ್‌ಗಳ ಪುಣ್ಯ.

1924ರ ಪ್ರವಾಹದ ನಂತರ ದೋಣಿ ನಿಂತಿತು. 1938ರಲ್ಲಿ ಸರ್ಕಾರ ಕೊಂಡುಕೊಂಡ ಮೇಲೆ ಕಾಲುವೆಯ ಗುಂಟ ಕಾರುರಸ್ತೆ ಹಾಕುವ ಮಾತು ಬಂತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯೂ ತಲೆದೂಗಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ವಾದಕ್ಕಿಳಿಯಲಿಲ್ಲ, ಸಂಪಾದಕರನ್ನು ನಡೆಯಲು ಕರೆದರು. 1954ರ ಮಾರ್ಚಿನಲ್ಲಿ ಹೊರಟವರು ಐವತ್ತಕ್ಕೂ ಹೆಚ್ಚು, ಇಡೀ ದಾರಿ ಸವೆಸಿದವರು ಒಂಬತ್ತೇ ಜನ, ಡಗ್ಲಸ್ ಸೇರಿ. ಪತ್ರಿಕೆ ನಿಲುವು ಬದಲಿಸಿತು. 1971ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ತೀರ್ಪು ಬರೆಯುವವರು ಹೀಗೆ ಬೂಟು ಕಟ್ಟಿ ಬೀದಿಗಿಳಿದದ್ದು ಅಪರೂಪ.

ಅರ್ಧ ದಿನವಷ್ಟೇ ಇರುವವರು ವಾಷಿಂಗ್ಟನ್ನಿನ ಸಮೀಪದ ಗ್ರೇಟ್ ಫಾಲ್ಸ್‌ಗೆ ಹೋಗಬಹುದು. ಜಲಪಾತ, ಹಳೆಯ ಛತ್ರ, ಲಾಕ್ ಎಲ್ಲ ಒಂದೆಡೆ ಇವೆ. ಪುರುಸೊತ್ತಿದ್ದವರು ಮಾತ್ರ ಪಾ ಪಾ ಸುರಂಗ ನೋಡಲೇಬೇಕು. ಹೆಸರು ಕೇಳಿ ಪರಂಗಿಹಣ್ಣು ಎಂದುಕೊಳ್ಳಬೇಡಿ. ಪಾಪಾ ಅಲ್ಲಿಯ ಕಾಡುಮರ, ನಮ್ಮ ಸೀತಾಫಲದ ಬಳಗ. ನದಿಯ ಸುತ್ತು ತಪ್ಪಿಸಲು ಎರಡು ವರ್ಷದಲ್ಲಿ ಮುಗಿಸುತ್ತೇವೆಂದು ಕೊರೆಯತೊಡಗಿದ್ದಕ್ಕೆ ಹದಿನಾಲ್ಕು ವರ್ಷ ಹಿಡಿಯಿತು. ಉದ್ದ 3,118 ಅಡಿ. ಒಮ್ಮೆಗೆ ಒಂದೇ ದೋಣಿ ಹೋಗುವಷ್ಟು ಅಗಲ. ಎದುರುಬದುರಾದ ಇಬ್ಬರು ದೋಣಿಯವರು ಹಿಂದೆ ಸರಿಯಲೊಪ್ಪದೆ ದಿನಗಟ್ಟಲೆ ಕೂತಿದ್ದರಂತೆ. ಹಸಿ ಜೋಳದ ದಂಟು ಸುಟ್ಟು ಹೊಗೆಯೆಬ್ಬಿಸಿ ಓಡಿಸಬೇಕಾಯಿತಂತೆ. ಒಳಗೆ ಕಗ್ಗತ್ತಲು, ತಲೆಯ ಮೇಲೆ ತೊಟ್ಟಿಕ್ಕುವ ನೀರು. ಟಾರ್ಚ್ ಮರೆಯಬೇಡಿ. ಪಕ್ಕದ ಮರದ ಕಂಬಿಯ ಮೇಲೆ ಬೆಳಕು ಬಿಟ್ಟು ಬೆರಳಾಡಿಸಿ: ದೋಣಿಯ ಹಗ್ಗ ವರ್ಷಾನುಗಟ್ಟಲೆ ಉಜ್ಜಿ ಕೊರೆದ ಗೀರುಗಳು ಸಿಗುತ್ತವೆ.