ವಯಸ್ಸಾದ ವಿಮಾನದ ನಾಡಿ ಹಿಡಿಯೋರು ಯಾರು?

ಇವತ್ತಿನ ಮಾತು ಶುರುವಾಗೋದು ಒಂದು ಪ್ರಶ್ನೆಯಿಂದ. ಶಿಡ್ಲಘಟ್ಟ ತಾಲ್ಲೂಕು ದಿಬ್ಬೂರಹಳ್ಳಿ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಕೇಳಿದ್ದಾರೆ: "ಮೇಡಂ, ದೇವನಹಳ್ಳಿಯಿಂದ ಎದ್ದ ವಿಮಾನಗಳು ನಮ್ಮ ತಲೆ ಮೇಲೇ ಹೋಗ್ತವೆ. ಹಳೇ ಬಸ್ಸಾದ್ರೆ ಗಡಗಡ ಅನ್ನುತ್ತೆ, ಗೊತ್ತಾಗುತ್ತೆ. ವಿಮಾನ ಹಳೇದಾದ್ರೆ ಹೇಗೆ ಗೊತ್ತಾಗೋದು?"

ಎಂಥಾ ಪ್ರಶ್ನೆ ನೋಡಿ! ಇಂಜಿನಿಯರಿಂಗ್ ಓದಿ ಈ ಕುರ್ಚಿಗೆ ಬಂದವಳು ನಾನು. ಉತ್ತರ ಹೇಳಲೇಬೇಕು.

ಮನೇಲಿ ಕಬ್ಬಿಣದ ತಂತಿ ಕತ್ತರಿಸೋಕೆ ಇಕ್ಕಳ ಸಿಗದಿದ್ರೆ ಏನ್ ಮಾಡ್ತೀವಿ? ಆ ಕಡೆ ಈ ಕಡೆ ಬಗ್ಗಿಸ್ತೀವಿ. ಹತ್ತು ಸಲ ಏನೂ ಆಗಲ್ಲ, ಆಮೇಲೆ ಪಟ್ ಅಂತ ಮುರಿಯುತ್ತೆ. ಇದೇ ಲೋಹದ ದಣಿವು. ವಿಮಾನ ಮೇಲೇರಿದಾಗ ನಾವು ಉಸಿರಾಡಲಿ ಅಂತ ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ತಾರೆ. ಒಡಲು ಕೂದಲೆಳೆಯಷ್ಟು ಉಬ್ಬುತ್ತೆ, ಇಳಿದಾಗ ಕುಗ್ಗುತ್ತೆ. ಹಾಗಾಗಿ ವಿಮಾನದ ವಯಸ್ಸನ್ನ ಬರೀ ವರ್ಷದಲ್ಲಿ ಎಣಿಸಿದರೆ ಸಾಲದು. ಎಷ್ಟು ಸಲ ಏರಿತು, ಎಷ್ಟು ಸಲ ಇಳಿಯಿತು ಅನ್ನೋ ಲೆಕ್ಕವೂ ಬೇಕು.

1988ರ ಏಪ್ರಿಲ್ 28. ಹವಾಯಿ ದ್ವೀಪಗಳಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ. ವಯಸ್ಸು 19 ವರ್ಷ. ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟ ಮಾಡ್ತಾ ಮಾಡ್ತಾ 89,680 ಸಲ ಹಾರಿತ್ತು. 24,000 ಅಡಿ ಎತ್ತರದಲ್ಲಿ ಮುಂಭಾಗದ ಚಾವಣಿಯೇ ಕಿತ್ತುಹೋಯ್ತು! ಗಗನಸಖಿಯೊಬ್ಬರು ಆಕಾಶಕ್ಕೆ ಸೆಳೆದುಹೋದರು. ತೆರೆದ ವಿಮಾನವನ್ನೇ ಪೈಲಟ್‌ಗಳು ಇಳಿಸಿದ್ದರಿಂದ ಉಳಿದ 94 ಜನ ಬದುಕಿದರು. ತನಿಖೆಯಲ್ಲಿ ಸಿಕ್ಕಿದ್ದೇನು? ತಗಡುಗಳ ಜೋಡಣೆಯ ಅಂಟು ಬಿಟ್ಟಿತ್ತು, ತುಕ್ಕು ಹಿಡಿದಿತ್ತು, ರಿವೆಟ್ ತೂತುಗಳ ಸುತ್ತ ಸಣ್ಣ ಸಣ್ಣ ಬಿರುಕುಗಳು ಒಂದಕ್ಕೊಂದು ಕೈ ಹಿಡಿದಿದ್ದವು.

ಇನ್ನೊಂದು ವಿಷಯ ಕೇಳಿ. ವಿಮಾನ ಹತ್ತುವಾಗಲೇ ಒಬ್ಬ ಪ್ರಯಾಣಿಕರು ಬಾಗಿಲ ಹತ್ತಿರ ಬಿರುಕು ನೋಡಿದ್ದರು. ಯಾರಿಗೂ ಹೇಳಲಿಲ್ಲ.

ಹಾಗಾದ್ರೆ ಬಿರುಕು ಹುಡುಕೋದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಬೆರಳಲ್ಲಿ ತಟ್ಟಿ ಸದ್ದು ಕೇಳ್ತಿದ್ರಲ್ವಾ? ವಿಮಾನದ ಮೈಯನ್ನೂ ಹಾಗೇ ತಟ್ಟಿ ನೋಡೋ ಪರೀಕ್ಷೆ ಇವತ್ತಿಗೂ ಇದೆ. ಬಣ್ಣದ ದ್ರವ ಸವರಿ ಬಿರುಕು ನೋಡ್ತಾರೆ. ಎಕ್ಸ್‌ರೇ, ಅಲ್ಟ್ರಾಸೌಂಡ್, ಎಡ್ಡಿ ಕರೆಂಟ್ ಎಲ್ಲಾ ಇವೆ. ಆಸ್ಪತ್ರೆ ತಪಾಸಣೆ ಥರಾನೇ. ಆದ್ರೆ ಒಂದು ತಪಾಸಣೆಯಿಂದ ಇನ್ನೊಂದರ ನಡುವೆ ಏನಾಗ್ತಿದೆ ಅಂತ ಇವು ಹೇಳಲ್ಲ.

ಅದಕ್ಕೇ ವಿಜ್ಞಾನಿಗಳು ವಿಮಾನದ ಮೈಯಲ್ಲೇ ನರ ಕೂರಿಸೋಕೆ ಹೊರಟರು. ಕೂದಲಿನಷ್ಟು ಸಪೂರ ಗಾಜಿನ ಎಳೆ. ಅದರೊಳಗೆ ಬೆಳಕು ಹರಿಸ್ತಾರೆ. ಎಳೆಯ ಮೇಲೆ ಅಲ್ಲಲ್ಲಿ ಕೊರೆದ ಗುರುತುಗಳು ಒಂದು ನಿರ್ದಿಷ್ಟ ಬಣ್ಣದ ಬೆಳಕನ್ನ ಮಾತ್ರ ವಾಪಸ್ ಕಳಿಸುತ್ತವೆ. ರೆಕ್ಕೆ ಎಳೆದುಕೊಂಡರೆ ಆ ಬಣ್ಣ ಚೂರು ಬದಲಾಗುತ್ತೆ. ಎಲ್ಲಿ ಎಷ್ಟು ಭಾರ ಬಿತ್ತು ಅನ್ನೋದು ಹಾರುವಾಗಲೇ ದಾಖಲು! ಇದು ಅಮೆರಿಕದ ಕಥೆ ಮಾತ್ರ ಅಲ್ಲ. ನಮ್ಮ ಬೆಂಗಳೂರಿನ ಎನ್‌ಎಎಲ್, ಅಂದ್ರೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಇಂಥ ಎಳೆಗಳನ್ನ 'ನಿಶಾಂತ್' ಅನ್ನೋ ಪೈಲಟ್‌ರಹಿತ ವಿಮಾನದಲ್ಲಿ ಹಾಕಿ ಹಾರಿಸಿ ನೋಡಿದೆ.

ಇದು ನಮಗೆ ಯಾಕೆ ಬೇಕು? 1963ರಲ್ಲಿ ವಾಯುಪಡೆ ಸೇರಿದ ಮಿಗ್-21 ಸರಣಿಗೆ ವಿದಾಯ ಹೇಳಿದ್ದು 2025ರ ಸೆಪ್ಟೆಂಬರ್ 26ರಂದು. ಜಾಗ್ವಾರ್ ಬಂದಿದ್ದು 1979ರಲ್ಲಿ. ಬ್ರಿಟನ್, ಫ್ರಾನ್ಸ್ ಯಾವತ್ತೋ ಕೈಬಿಟ್ಟವು, ನಾವು ಇನ್ನೂ ಹಾರಿಸ್ತಿದ್ದೀವಿ. ಹಳೇದು ಅಂದ ಮಾತ್ರಕ್ಕೆ ಅಪಾಯ ಅಂತಲ್ಲ, ಸರಿಯಾಗಿ ನೋಡಿಕೊಂಡ ವಿಮಾನ ಬಹಳ ಕಾಲ ಬಾಳುತ್ತೆ. ಆದ್ರೆ ಒಳಗೆ ಕೂರೋ ಪೈಲಟ್ ಯಾರದೋ ಮನೆ ಮಗ, ಮಗಳು. ಆ ಲೋಹ ಎಷ್ಟು ದಣಿದಿದೆ ಅಂತ ತಿಳ್ಕೊಳ್ಳೋ ಹಕ್ಕು ಅವರಿಗಿಲ್ವಾ?

ಹಾಗಂತ ಸೆನ್ಸರ್ ಬಂದ್ರೆ ಎಲ್ಲಾ ಮುಗೀತು ಅಂದ್ಕೋಬೇಡಿ. ಸೆನ್ಸರ್‌ಗೂ ವಯಸ್ಸಾಗುತ್ತೆ, ಅದೂ ಸುಳ್ಳು ಹೇಳುತ್ತೆ. 2002ರ ಮೇ 25ರಂದು ಚೈನಾ ಏರ್‌ಲೈನ್ಸ್‌ನ ಜಂಬೋ ವಿಮಾನ ಆಕಾಶದಲ್ಲೇ ಛಿದ್ರವಾಗಿ 225 ಜನ ಸತ್ತರು. ಕಾರಣ, 22 ವರ್ಷ ಹಿಂದೆ ಸರಿಯಾಗಿ ಮಾಡದೆ ಬಿಟ್ಟ ಒಂದು ತೇಪೆ. ಆ ತೇಪೆಯ ಸುತ್ತ ಕಂದು ಕಲೆ ಮೂಡಿತ್ತು. ಹಿಂದಿನ ವರ್ಷದ ತಪಾಸಣೆಯ ಫೋಟೋದಲ್ಲೂ ಅದು ಕಾಣ್ತಿತ್ತು. ವಿಮಾನ ಕೂಗಿ ಹೇಳ್ತಿತ್ತು, ಕೇಳಿಸ್ಕೊಳ್ಳೋರಿರಲಿಲ್ಲ.

ವಿಮಾನ ಬಿದ್ದರೆ ಬ್ರೇಕಿಂಗ್ ನ್ಯೂಸ್. ನಡುರಾತ್ರಿ ಹ್ಯಾಂಗರ್‌ನಲ್ಲಿ ಟಾರ್ಚ್ ಹಿಡಿದು ಒಂದು ಬಿರುಕು ಪತ್ತೆ ಮಾಡಿ, "ಇವತ್ತು ಈ ವಿಮಾನ ಹಾರಬಾರದು" ಅಂದ ಮೆಕ್ಯಾನಿಕ್ ಸುದ್ದಿ ಆಗೋದೇ ಇಲ್ಲ. ನಷ್ಟ ಆಯ್ತು ಅಂತ ಆತನ ಮೇಲೆ ರೇಗದ ವ್ಯವಸ್ಥೆ ನಮಗೆ ಬೇಕು. ಆತನ ಕೈಗೆ ಒಳ್ಳೇ ಉಪಕರಣ ಬೇಕು, ಕಣ್ಣಿಗೆ ನಿದ್ದೆ ಬೇಕು, ಮಾತಿಗೆ ಬೆಲೆ ಬೇಕು.

ಮತ್ತೆ ನೀವು? ನಾಳೆ ವಿಮಾನ ಹತ್ತುವಾಗ ಏನಾದ್ರೂ ವಿಚಿತ್ರ ಕಂಡರೆ ಸಂಕೋಚ ಬೇಡ. ನಗ್ತಾರೇನೋ ಅಂತಾನೂ ಬೇಡ. ಸಿಬ್ಬಂದಿಯನ್ನ ಕರೆದು ತೋರಿಸಿ. ನಕ್ಕರೆ ನಗಲಿ ಬಿಡಿ.